ಮಗುವಿನ ಮನಸ್ಸು ಭಾರವಾದರೆ ಮೊದಲು ಯಾರ ಹತ್ತಿರ ಹೋಗಬೇಕು? ಉತ್ತರ ಕನ್ನಡದ ಪಾಲಕರಿಗೆ, ಶಿಕ್ಷಕರಿಗೆ ಒಂದು ಹೋಲಿಕೆ

ಸೋಮವಾರ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ‘ಆಯಿ, ಹೊಟ್ಟೆ ನೋವು’ ಶುರುವಾಗುತ್ತದೆ. ಹತ್ತೂವರೆಗೆ ನೋವಿಲ್ಲ, ದೋಸೆ ತಿಂದು ಅಂಗಳದಲ್ಲಿ ಓಡಾಡಿಕೊಂಡಿರುತ್ತಾಳೆ. ಭಾನುವಾರ ನೋವಿಲ್ಲ, ಮಳೆಗೆ ರಜೆ ಕೊಟ್ಟ ದಿನವೂ ಇಲ್ಲ. ಮನೆಯವರು ಮೊದಲು ಕಷಾಯ ಕೊಡುತ್ತಾರೆ, ಆಮೇಲೆ ಊರಿನ ಡಾಕ್ಟರ ಗ್ಯಾಸ್ಟ್ರಿಕ್ ಮಾತ್ರೆ, ಅದೂ ನಾಟದಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಸ್ಕ್ಯಾನಿಂಗ್. ರಿಪೋರ್ಟು ನಾರ್ಮಲ್. ‘ಏನೂ ಇಲ್ಲವಂತೆ, ಬರೀ ನಾಟಕ’ ಎಂಬ ತೀರ್ಪು ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ಹಾಜರಿ ಕುಸಿದಿರುತ್ತದೆ.

ಆ ನೋವು ಸುಳ್ಳಲ್ಲ. ಮಕ್ಕಳಲ್ಲಿ ಹೆದರಿಕೆ, ಬೇಸರ ಎರಡೂ ಮೈಯಲ್ಲೇ ಮೊದಲು ಕಾಣುತ್ತವೆ: ಹೊಟ್ಟೆ ನೋವು, ತಲೆನೋವು, ವಾಂತಿ ಬಂದಂತಾಗುವುದು, ತರಗತಿಯಲ್ಲಿ ತಲೆ ತಿರುಗಿ ಬೀಳುವುದು. ದೊಡ್ಡವರ ಹಾಗೆ ‘ನನಗೆ ಮನಸ್ಸಿಗೆ ಸರಿಯಿಲ್ಲ’ ಎಂದು ಮಗು ಹೇಳುವುದು ಅಪರೂಪ. ನಿದ್ದೆ, ಊಟ, ಓದು, ಗೆಳೆಯರ ಒಡನಾಟ, ಇವುಗಳಲ್ಲಿ ಯಾವುದಾದರೂ ಎರಡು ಸತತ ಎರಡು ವಾರ ಕೆಟ್ಟಿದ್ದರೆ ಸಹಾಯ ಹುಡುಕುವ ಕಾಲ ಬಂತು ಎಂದೇ ತಿಳಿಯಿರಿ.

ಆಗ ಎಲ್ಲರೂ ಕೇಳುವ ಪ್ರಶ್ನೆ ‘ಒಳ್ಳೇ ಡಾಕ್ಟರು ಯಾರು?’ ನಮ್ಮ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಈ ವಾರವೇ ಮಗು ಎಲ್ಲಿಗೆ ತಲುಪಬಹುದು, ಮುಂದಿನ ಎರಡು ತಿಂಗಳು ಎಲ್ಲಿಗೆ ಮತ್ತೆ ಮತ್ತೆ ಹೋಗಬಹುದು? ಕಾರವಾರಕ್ಕೂ ಶಿರಸಿಗೂ ನಡುವೆ ಸುಮಾರು 120 ಕಿಲೋಮೀಟರು, ಜೊತೆಗೆ ಘಟ್ಟ. ಸಿದ್ದಾಪುರದ ಮೂಲೆಯ ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರಲು ಒಂದು ದಿನ ಪೂರ್ತಿ ಬೇಕು. ಮಾತಿನ ಚಿಕಿತ್ಸೆ ಒಂದು ಭೇಟಿಯಲ್ಲಿ ಮುಗಿಯುವುದಲ್ಲ. ದೂರದ ಹೆಸರಾಂತ ವೈದ್ಯರ ಒಂದು ಭೇಟಿಗಿಂತ ಹತ್ತಿರದ ಸಾಧಾರಣ ಸಮಾಲೋಚಕರ ಎಂಟು ಭೇಟಿ ಹೆಚ್ಚು ಕೆಲಸ ಮಾಡುತ್ತದೆ. ಇದಕ್ಕೆ ಅಪವಾದಗಳಿವೆ. ಅವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಯಾವುದನ್ನೂ ಹೋಲಿಸುತ್ತ ಕೂರಬಾರದ ಸಂದರ್ಭಗಳು

ಮಗು ಸಾಯುವ ಮಾತಾಡುತ್ತಿದ್ದರೆ, ಮೈಗೆ ಗಾಯ ಮಾಡಿಕೊಂಡಿದ್ದರೆ, ತನ್ನ ಇಷ್ಟದ ವಸ್ತುಗಳನ್ನು ಹಂಚುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ. ನೇರವಾಗಿ ಕೇಳಿ: ‘ಬದುಕಿರೋದೇ ಬೇಡ ಅನ್ನಿಸ್ತದಾ? ಏನಾದರೂ ಮಾಡ್ಕೊಳ್ಳಬೇಕು ಅಂತ ಯೋಚನೆ ಬಂದಿದೆಯಾ?’ ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬಹಳ ಸಲ, ಕೊನೆಗೂ ಯಾರೋ ಕೇಳಿದರಲ್ಲ ಎಂದು ಮಗುವಿಗೆ ಉಸಿರು ಬಿಟ್ಟಂತಾಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ರಾತ್ರಿ ಪಕ್ಕದಲ್ಲೇ ಮಲಗಿ. ತೋಟ, ಗದ್ದೆಗೆ ಹೊಡೆಯುವ ಔಷಧಿಗೂ ಅಜ್ಜ ಅಜ್ಜಿಯ ಮಾತ್ರೆಗಳಿಗೂ ಬೀಗ ಹಾಕಿ ಕೀಲಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೊಟ್ಟಿಗೆಯ ಅಟ್ಟದ ಮೇಲಿಟ್ಟರೆ ಸಾಲದು, ಅಟ್ಟ ಹತ್ತುವುದು ಮಕ್ಕಳಿಗೆ ನಮಗಿಂತ ಸುಲಭ. ಏನಾದರೂ ಸೇವಿಸಿದ್ದಾರೆ ಎಂಬ ಅನುಮಾನ ಬಂದರೂ ಸಾಕು, 108ಕ್ಕೆ ಕರೆ ಮಾಡಿ. ಮಗು ಚೆನ್ನಾಗಿಯೇ ಕಾಣುತ್ತಿದೆ ಎಂದು ಕಾಯಬೇಡಿ.

ಇಲ್ಲದ ಧ್ವನಿ ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುವುದು, ದಿನಗಟ್ಟಲೆ ನಿದ್ದೆಯಿಲ್ಲದೆ ವಿಪರೀತ ಮಾತಾಡುವುದು, ಊಟ ಬಿಟ್ಟು ತೂಕ ಇಳಿಯುತ್ತ ಹೋಗುವುದು, ಇಂಥವು ಕಂಡರೆ ಸಮಾಲೋಚಕರನ್ನು ದಾಟಿ ನೇರ ಮನೋವೈದ್ಯರ ಬಳಿ. ದೇವಸ್ಥಾನದಲ್ಲಿ ಪ್ರಸಾದ ಕೇಳುವುದು, ಜಾತಕ ತೋರಿಸುವುದು ಮನೆಯವರ ನಂಬಿಕೆಯಾಗಿದ್ದರೆ ಅದೂ ನಡೆಯಲಿ. ಆದರೆ ಅದು ಮುಗಿದ ಮೇಲೆ ಆಸ್ಪತ್ರೆ ಎಂದಿಟ್ಟುಕೊಳ್ಳಬೇಡಿ, ಎರಡೂ ಒಂದೇ ವಾರದಲ್ಲಿ ಆಗಲಿ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ ದಾರಿಯೇ ಬೇರೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಾಸ್ತರಿರಲಿ, ಅಕ್ಕೋರಿರಲಿ, ಸಮಾಲೋಚಕರಿರಲಿ, ‘ಮನೆತನದ ಮರ್ಯಾದೆ’ ಎಂದು ಒಳಗೇ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಮಗುವಿಗೆ ಸಮಾಲೋಚನೆ ಬೇಕು, ದೂರಿನ ಜೊತೆಗೇ ಬೇಕು.

ಶಾಲೆಯ ಒಳಗೆ: ಅಕ್ಕೋರೋ, ಸಮಾಲೋಚಕರೋ?

ಹಳ್ಳಿಯ ಶಾಲೆಯಲ್ಲಿ ಮಗುವನ್ನು ದಿನಾ ನೋಡುವವರು ತರಗತಿಯ ಶಿಕ್ಷಕರೇ. ಮೊದಲು ಬದಲಾವಣೆ ಗುರುತಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹಣ ಬೇಡ, ಬಸ್ಸು ಬೇಡ, ಮಗುವಿನ ಮನೆಮಾತು ಕೊಂಕಣಿಯೋ ಹಾಲಕ್ಕಿ ಕನ್ನಡವೋ ಅವರಿಗೆ ಗೊತ್ತಿರುತ್ತದೆ. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು, ಸಾಧ್ಯವಾದರೆ ಒಬ್ಬ ಮಹಿಳೆ ಒಬ್ಬ ಪುರುಷ, ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡಬೇಕು ಎಂದಿದೆ. ಭಾವನೆಗಳನ್ನು ನಿಭಾಯಿಸುವುದು ಆ ತರಬೇತಿಯ ಭಾಗ. ನಿಮ್ಮ ಶಾಲೆಯಲ್ಲಿ ಆ ಇಬ್ಬರು ಯಾರು ಎಂದು ಮುಖ್ಯಾಧ್ಯಾಪಕರನ್ನು ಕೇಳಿ.

ಶಿಕ್ಷಕರ ಮಿತಿಯೂ ದೊಡ್ಡದೇ. ಅಂಕ ಕೊಡುವವರ ಮುಂದೆ ಮಗು ಎಲ್ಲ ಬಿಚ್ಚಿಡುವುದಿಲ್ಲ. ಸ್ಟಾಫ್ ರೂಮಿನಲ್ಲಿ ಆಡಿದ ಮಾತು ಸಂಜೆಯೊಳಗೆ ಊರಿಗೆ ತಲುಪುತ್ತದೆ, ಚಿಕ್ಕ ಊರಿನಲ್ಲಿ ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಮೂರನೆಯದು ಉಪದೇಶ. ‘ಧೈರ್ಯ ತಗೋ ತಮಾ, ನಿನ್ನ ಅಪ್ಪ ಎಷ್ಟು ಕಷ್ಟಪಡ್ತಾರೆ ನೋಡು’ ಎಂದರೆ ಮಗುವಿಗೆ ಮೊದಲಿನ ನೋವಿನ ಮೇಲೆ ಅಪರಾಧಿ ಭಾವನೆಯೂ ಸೇರುತ್ತದೆ. ಶಿಕ್ಷಕರ ಕೆಲಸ ಗಮನಿಸುವುದು, ಹತ್ತು ನಿಮಿಷ ಅಡ್ಡ ಮಾತಾಡದೆ ಕೇಳುವುದು, ಮುಂದಿನವರಿಗೆ ತಲುಪಿಸುವುದು. ಕಿಟಕಿ ಬಾಗಿಲು ತೆರೆದಿರುವ, ಆದರೆ ಮಾತು ಬೇರೆಯವರಿಗೆ ಕೇಳದ ಜಾಗ ಆರಿಸಿ. ಮಧ್ಯಾಹ್ನದ ಊಟದ ನಂತರದ ಹೊತ್ತು ಸರಿ. ಎಲ್ಲರೆದುರು ‘ನೀನು ಇಲ್ಲಿ ಬಾ’ ಎಂದು ಕರೆಯಬೇಡಿ.

ಶಾಲೆಗೇ ಸಮಾಲೋಚಕರಿದ್ದರೆ ಅದು ದೊಡ್ಡ ಅನುಕೂಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ‘ನಮ್ಮ ಶಾಲೆ ಯಾವ ತಜ್ಞರ ಜೊತೆ ಸಂಪರ್ಕದಲ್ಲಿದೆ?’ ಎಂದು ಪಾಲಕರು ಕೇಳುವುದು ಇದರಿಂದಾಗಿ ಹಕ್ಕಿನ ಪ್ರಶ್ನೆಯೇ ಆಗಿದೆ. ನೈತಿಕ ಶಿಕ್ಷಣದ ಪಿರಿಯಡ್ ತೆಗೆದುಕೊಳ್ಳುವವರನ್ನೇ ‘ಕೌನ್ಸೆಲರ್’ ಎಂದು ತೋರಿಸಿದರೆ ಒಪ್ಪಬೇಡಿ.

ಸಮಾಲೋಚಕರು ಮೊದಲ ಭೇಟಿಯಲ್ಲೇ ಮಗುವಿಗೆ ಗುಟ್ಟಿನ ಗಡಿ ಹೇಳಬೇಕು: ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ, ನಿನ್ನ ಜೀವಕ್ಕೆ ಅಪಾಯ, ಬೇರೆಯವರ ಜೀವಕ್ಕೆ ಅಪಾಯ, ನಿನ್ನ ಮೇಲೆ ದೌರ್ಜನ್ಯ, ಇವು ಬಂದರೆ ಮಾತ್ರ ದೊಡ್ಡವರಿಗೆ ತಿಳಿಸುತ್ತೇನೆ. ‘ಯಾರಿಗೂ ಏನೂ ಹೇಳಲ್ಲ’ ಎಂದು ಮಾತು ಕೊಟ್ಟು ಆಮೇಲೆ ಹೇಳಬೇಕಾಗಿ ಬಂದರೆ ಆ ಮಗು ಮತ್ತೊಬ್ಬ ದೊಡ್ಡವರನ್ನು ನಂಬುವುದು ಕಷ್ಟ.

ಫೋನು: 14416, 1098

ಈ ಜಿಲ್ಲೆಯಲ್ಲಿ ಎಲ್ಲರಿಗೂ ಸಿಗುವ ಬಾಗಿಲು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡವೂ ಸೇರಿ 20 ಭಾಷೆಗಳಲ್ಲಿದೆ. ಕರೆ ಹೋದ ಮೇಲೆ ಧ್ವನಿಮುದ್ರಿತ ಸೂಚನೆ ಬರುತ್ತದೆ, ಭಾಷೆಯ ಅಂಕಿ ಒತ್ತಬೇಕು. ಇಲ್ಲೇ ಅನೇಕರು ಗಲಿಬಿಲಿಯಾಗಿ ಕಟ್ ಮಾಡುತ್ತಾರೆ. ಸ್ಪೀಕರ್ ಹಾಕಿ ಪೂರ್ತಿ ಕೇಳಿ ಒತ್ತಿ. ಮೊದಲು ತರಬೇತಿ ಪಡೆದ ಸಮಾಲೋಚಕರು ಸಿಗುತ್ತಾರೆ, ಅಗತ್ಯ ಬಿದ್ದರೆ ಅವರೇ ತಜ್ಞರಿಗೆ ಜೋಡಿಸುತ್ತಾರೆ. ಮಗುವೇ ಮಾತಾಡಬೇಕೆಂದಿಲ್ಲ, ಪಾಲಕರೂ ಶಿಕ್ಷಕರೂ ಕೇಳಬಹುದು. ‘ನನ್ನ ಮಗಳು, 14 ವರ್ಷ, ಆರು ವಾರದಿಂದ ಶಾಲೆಗೆ ಹೋಗುತ್ತಿಲ್ಲ, ಬೆಳಿಗ್ಗೆ ಹೊಟ್ಟೆ ನೋವು, ಸ್ಕ್ಯಾನ್ ನಾರ್ಮಲ್, ನಾವಿರುವುದು ಯಲ್ಲಾಪುರ ತಾಲ್ಲೂಕು, ಹತ್ತಿರದಲ್ಲಿ ಯಾರಿಗೆ ತೋರಿಸಬಹುದು?’ ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಮೊದಲ ಹತ್ತು ನಿಮಿಷ ಉಳಿಯುತ್ತದೆ.

ಫೋನಿನ ಕೊರತೆ ಎಂದರೆ ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆಂಬ ಭರವಸೆಯಿಲ್ಲ. ಇನ್ನೊಂದು ಕೊರತೆ ನಮ್ಮದೇ. ಜೋಯಿಡಾ, ಸಿದ್ದಾಪುರದ ಎಷ್ಟೋ ಮಜರೆಗಳಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತಲೆಯ ಮೇಲೆ, ಮಳೆಗಾಲದಲ್ಲಿ ಕರೆಂಟು ಹೋದರೆ ಅಲ್ಲೂ ಇಲ್ಲ. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಕಿಸೆಯಲ್ಲಿ. ಇಂಥ ಊರಿನ ಪ್ರೌಢಶಾಲೆ ಕಚೇರಿಯ ಫೋನನ್ನು ವಾರಕ್ಕೆ ಎರಡು ದಿನ ಅರ್ಧ ಗಂಟೆ, ಯಾರು ಯಾಕೆ ಎಂದು ಕೇಳದೆ, ಮಕ್ಕಳಿಗೆ ಬಿಟ್ಟುಕೊಟ್ಟರೆ ಹತ್ತು ಪೋಸ್ಟರಿಗಿಂತ ಹೆಚ್ಚು ಉಪಯೋಗ.

1098, ಅಂದರೆ ಮಕ್ಕಳ ಸಹಾಯವಾಣಿ, ಬೇರೆ ಕೆಲಸದ್ದು. ಹೊಡೆತ, ಬಾಲ್ಯವಿವಾಹ, ಕೆಲಸಕ್ಕೆ ಹಚ್ಚಿರುವುದು, ಮನೆ ಬಿಟ್ಟು ಓಡಿಹೋಗಿರುವುದು, ದೌರ್ಜನ್ಯ, ಮಗುವಿಗೆ ರಕ್ಷಣೆ ಬೇಕಾದಾಗ ಇದು. ಪರೀಕ್ಷೆಯ ಹೆದರಿಕೆಗೆ 1098, ಮನೆಯಲ್ಲಿ ಹೊಡೆಯುತ್ತಾರೆ ಎಂಬುದಕ್ಕೆ 14416 ಎಂದು ಅದಲು ಬದಲಾದರೆ ಕೆಲಸ ಕೆಡುವುದಿಲ್ಲ, ತಡವಾಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಮನೋದರ್ಪಣದ 8448440632 ವಿದ್ಯಾರ್ಥಿಗಳಿಗೆಂದೇ ಇರುವ ಸಂಖ್ಯೆ, ಬೆಳಿಗ್ಗೆ 8ರಿಂದ ರಾತ್ರಿ 8. ಕನ್ನಡದಲ್ಲೇ ಮಾತಾಡಬೇಕು ಎನ್ನುವ ಮಗುವಿಗೆ ನಾವು 14416ನ್ನೇ ಮೊದಲು ಹೇಳುತ್ತೇವೆ.

ಸರ್ಕಾರಿ ಆಸ್ಪತ್ರೆ

ನಮ್ಮ ಅಭಿಪ್ರಾಯದಲ್ಲಿ ಜನ ಅತಿ ಕಡಿಮೆ ಬಳಸಿಕೊಂಡಿರುವ, ಅತಿ ಹೆಚ್ಚು ಬಳಸಬೇಕಾದ ಬಾಗಿಲು ಇದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇರುವ ತಂಡ ಇರಬೇಕು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆಯಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ರಾಜ್ಯದ ಕಾರ್ಯಕ್ರಮವಿದೆ. ಶಿರಸಿಯವರು ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ, ಉಳಿದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸೋಮವಾರವೇ ಫೋನ್ ಮಾಡಿ ‘ಈ ವಾರ ಡಾಕ್ಟರು ಬರ್ತಾರಾ, ಎಷ್ಟು ಗಂಟೆಗೆ?’ ಎಂದು ಕೇಳಿಕೊಂಡೇ ಹೊರಡಿ. ಘಟ್ಟದಲ್ಲಿ ಮಣ್ಣು ಕುಸಿದರೆ, ವೈದ್ಯರಿಗೆ ಬೇರೆ ಡ್ಯೂಟಿ ಬಿದ್ದರೆ ದಿನ ಬದಲಾಗುತ್ತದೆ. ಔಷಧಿ ಉಚಿತ. ಶಕ್ತಿ ಯೋಜನೆಯಿಂದ ತಾಯಿ, ಮಗಳ ಬಸ್ಸಿನ ಖರ್ಚೂ ಇಲ್ಲ.

10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ಪ್ರತ್ಯೇಕ ಕೋಣೆ ಇರುತ್ತದೆ. ಮುಟ್ಟಿನ ತೊಂದರೆ, ಮೊಡವೆ, ಮನಸ್ಸಿನ ಬೇಸರ ಎಲ್ಲಕ್ಕೂ ಅದೇ ಬಾಗಿಲು. ನೆಂಟರು ಕಂಡರೆ ‘ರಕ್ತ ಕಡಿಮೆಯಂತೆ, ತೋರಿಸಲಿಕ್ಕೆ ಬಂದಿದ್ದು’ ಎಂದು ಹೇಳಿ ಹೋಗಬಹುದು. ಹೆಣ್ಣುಮಕ್ಕಳ ತಾಯಂದಿರಿಗೆ ಇದು ಬಹಳ ದೊಡ್ಡ ವಿಷಯ, ಅದನ್ನು ತಿಳಿದೇ ಈ ಸಲಹೆ.

ಸರ್ಕಾರಿ ಹೊರರೋಗಿ ವಿಭಾಗದ ತೊಂದರೆ ಸಮಯ. ಸರದಿ ಉದ್ದ, ನಿಮಗೆ ಸಿಗುವುದು ಏಳೆಂಟು ನಿಮಿಷ. ಅದಕ್ಕೇ ಒಂದು ಹಾಳೆ ಒಯ್ಯಬೇಕು. 14 ದಿನದ ಪಟ್ಟಿ ಗೀಟು ಹಾಕಿ, ನಾಲ್ಕೇ ಕಾಲಂ: ಎಷ್ಟು ಗಂಟೆ ನಿದ್ದೆ, ಏನು ಉಂಡಳು, ಶಾಲೆಗೆ ಹೋದಳೋ ಇಲ್ಲವೋ, ಆ ದಿನ ವಿಶೇಷ ಏನಾಯಿತು. ಕೆಳಗೆ ಈವರೆಗೆ ಕೊಟ್ಟ ಮಾತ್ರೆಗಳ ಹೆಸರು, ಆಯುರ್ವೇದದ್ದೂ ಸೇರಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಇಂಥದ್ದು ಇತ್ತೇ ಎಂಬುದು. ‘ಬುಧವಾರ ಮಾತ್ರ ಹೆಚ್ಚು’ ಎಂಬ ಸಾಲು ಆ ಹಾಳೆಯಲ್ಲಿ ಕಂಡು, ಬುಧವಾರ ಪಿ.ಟಿ. ಪಿರಿಯಡ್ ಇದೆ, ಅಲ್ಲಿ ಮೈ ಬಗ್ಗೆ ಅಣಕಿಸುತ್ತಾರೆ ಎಂಬುದು ಹೊರಬರುವುದು ಹೀಗೆಯೇ. ಬಾಯಲ್ಲಿ ಹೇಳುವಾಗ ಇದು ಯಾರಿಗೂ ನೆನಪಾಗುವುದಿಲ್ಲ.

ಮಾತ್ರೆ ಬರೆದುಕೊಟ್ಟರೆ ಗಾಬರಿ ಬೇಡ, ಆದರೆ ಮೂರು ಪ್ರಶ್ನೆ ಕೇಳಿ: ಯಾವಾಗ ಗುಣ ಕಾಣುತ್ತದೆ, ಶುರುವಿನಲ್ಲಿ ಏನು ಗಮನಿಸಬೇಕು, ಯಾವಾಗ ಮತ್ತೆ ಬರಬೇಕು. ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು. ಮೊದಲ ಕೆಲವು ವಾರ ಚಡಪಡಿಕೆ ಹೆಚ್ಚಾದರೆ, ಸಾಯುವ ಯೋಚನೆ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಒಂದು ವಾರಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವುದೂ, ಗುಣ ಕಂಡ ಕೂಡಲೇ ‘ಅಭ್ಯಾಸವಾಗಿಬಿಟ್ಟೀತು’ ಎಂದು ತಟ್ಟನೆ ನಿಲ್ಲಿಸುವುದೂ ನಮ್ಮಲ್ಲಿ ಹೆಚ್ಚು ನಡೆಯುವ ತಪ್ಪು.

ಖಾಸಗಿ ಸಮಾಲೋಚಕರು

ಕೌನ್ಸೆಲರ್ ಎಂಬ ಫಲಕ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಸ್ಥಿತಿ ಇರುವುದರಿಂದ ಇಲ್ಲಿ ವಿಚಾರಿಸಲೇಬೇಕು. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ. ಪರೀಕ್ಷೆಗಳು, ಕ್ರಮಬದ್ಧ ಮಾತಿನ ಚಿಕಿತ್ಸೆ ಇವರ ಕೆಲಸ. ವಾರಾಂತ್ಯದ ಕೋರ್ಸು ಮುಗಿಸಿದವರು ಒಳ್ಳೆಯ ಮನಸ್ಸಿನವರೇ ಇರಬಹುದು, ಆದರೆ ತಿಂಗಳಿಂದ ಊಟ ಬಿಟ್ಟ ಮಗುವಿಗೆ ಅವರು ಸಾಲರು. ‘ಮೂರು ಸಿಟ್ಟಿಂಗಿನಲ್ಲಿ ಗ್ಯಾರಂಟಿ’ ಎನ್ನುವವರಿಂದ, ಬೆರಳಚ್ಚು ನೋಡಿ ಮೆದುಳಿನ ಶಕ್ತಿ ಹೇಳುತ್ತೇವೆ ಎನ್ನುವವರಿಂದ ದೂರವಿರಿ.

ಒಂದು ಭೇಟಿ ಮುಕ್ಕಾಲು ಗಂಟೆ, ವಾರಕ್ಕೊಮ್ಮೆ. ಆರರಿಂದ ಎಂಟು ಭೇಟಿಯಾದ ಮೇಲೂ ನಿದ್ದೆ, ಶಾಲೆ ಎರಡರಲ್ಲೂ ಒಂದಿಷ್ಟೂ ಬದಲಾವಣೆ ಇಲ್ಲದಿದ್ದರೆ ಬೇರೆಯವರನ್ನು ನೋಡುವ ಮಾತನ್ನು ಅವರ ಹತ್ತಿರವೇ ತೆಗೆಯಿರಿ. ಎರಡನೇ ಭೇಟಿಗೇ ಬದಲಿಸಬೇಡಿ, ಮಗು ಮತ್ತೆ ಮೊದಲಿನಿಂದ ಕಥೆ ಹೇಳಬೇಕಾಗುತ್ತದೆ.

ಧಾರವಾಡ, ಮಣಿಪಾಲ, ಬೆಂಗಳೂರು

ಘಟ್ಟದ ಮೇಲಿನವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ ಅನುಕೂಲ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಪ್ರತ್ಯೇಕ ವಿಭಾಗವೇ ಇದೆ. ಕಾಯಿಲೆ ಯಾವುದೆಂದು ಗೊಂದಲವಿದ್ದಾಗ, ಎರಡು ಔಷಧಿ ನಾಟದಿದ್ದಾಗ, ದಾಖಲಾಗಬೇಕಾದಾಗ ಹೋಗಬೇಕಾದ ಜಾಗಗಳಿವು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ 18 ತುಂಬದವರನ್ನು ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ, ಪಾಲಕರೋ ಅವರು ಸೂಚಿಸಿದವರೋ ಜೊತೆಗಿರಬೇಕು. ಬರುವಾಗ ‘ಮುಂದಿನ ಭೇಟಿಗಳನ್ನು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಬಹುದಾ? ಅವರಿಗೆ ಒಂದು ಪತ್ರ ಕೊಡಿ’ ಎಂದು ಕೇಳಿ. ಆ ಪತ್ರವಿಲ್ಲದೆ ವಾಪಸಾದ ಮನೆಯವರು ಮೂರನೇ ಪ್ರಯಾಣದ ಹೊತ್ತಿಗೆ ಸೋತು ಬಿಟ್ಟುಬಿಡುತ್ತಾರೆ.

ಓದಿನ ತೊಡಕು ಬೇರೆ ಸಾಲಿನದು

ಬಾಯಲ್ಲಿ ಚುರುಕು, ಬರೆಯಲು ಕೂತರೆ ಅಕ್ಷರ ತಿರುವು ಮುರುವು, ವರ್ಷಗಟ್ಟಲೆ ‘ಸೋಮಾರಿ’ ಎಂದು ಬೈಸಿಕೊಂಡು ಕೊನೆಗೆ ಮೌನ. ಈ ಮಗುವಿಗೆ ಎಷ್ಟು ಸಮಾಲೋಚನೆ ಕೊಟ್ಟರೂ ಮೂಲ ಹಾಗೇ ಉಳಿಯುತ್ತದೆ. ಕಲಿಕಾ ನ್ಯೂನತೆಯ ಪರೀಕ್ಷೆ ಆಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ, ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಕೇಳಬಹುದು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಎಂಟನೇ ತರಗತಿಯಲ್ಲೇ ಶುರುಮಾಡಿ.

ಶಾಲೆಗೆ ಮರಳುವುದು

ಯಾವ ಬಾಗಿಲು ಆರಿಸಿದರೂ ಕೆಡುವುದು ಹೆಚ್ಚಾಗಿ ಇಲ್ಲಿ. ಪೂರ್ತಿ ಗುಣವಾಗಲಿ, ಆಮೇಲೆ ಶಾಲೆ ಎಂದು ಎರಡು ತಿಂಗಳು ಮನೆಯಲ್ಲಿಟ್ಟರೆ ಹೆದರಿಕೆ ಬೇರು ಬಿಡುತ್ತದೆ. ತಪ್ಪಿಸಿಕೊಂಡ ಪ್ರತಿ ದಿನವೂ ಮರುದಿನದ ಗೇಟನ್ನು ಇನ್ನಷ್ಟು ಎತ್ತರ ಮಾಡುತ್ತದೆ. ಚಿಕಿತ್ಸೆ ಕೊಡುವವರನ್ನು ಕೇಳಿ ಮೆಟ್ಟಿಲು ಮಾಡಿ. ಮೊದಲ ಮೂರು ದಿನ ಮಗುವಿಗೆ ಇಷ್ಟವಿರುವ ಒಂದೇ ಪಿರಿಯಡ್. ಆಮೇಲೆ ಒಂದು ವಾರ ಬಿಸಿಯೂಟದವರೆಗೆ. ಮೂರನೇ ವಾರ ಪೂರ್ತಿ ದಿನ, ಆದರೆ ಉಸಿರುಗಟ್ಟಿದಂತಾದರೆ ಐದು ನಿಮಿಷ ಹೊರಗೆ ಕೂರಲು ಮೊದಲೇ ಒಪ್ಪಿದ ಜಾಗ. ಮುಖ್ಯಾಧ್ಯಾಪಕರಿಗೆ ಇದನ್ನು ಬರವಣಿಗೆಯಲ್ಲಿ ಕೊಡಿ, ಶೇ 75ರ ಹಾಜರಿಯ ಲೆಕ್ಕ ಕೊನೆಗೆ ಕುತ್ತಿಗೆಗೆ ಬರಬಾರದು. ಕಾಯಿಲೆಯ ಹೆಸರು ಅದರಲ್ಲಿ ಬರೆಯಬೇಕೆಂದಿಲ್ಲ, ಬೇಕಾದ ಅನುಕೂಲ ಬರೆದರೆ ಸಾಕು. ಹತ್ತನೇ ತರಗತಿಯವರಿಗೆ ಒಂದು ಮಾತು ಬಿಡಿಸಿ ಹೇಳಿ: 2024ರಿಂದ ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ.

ಭೇಟಿಯ ದಿನಗಳನ್ನು ಮನೆಯ ಕೆಲಸ ನೋಡಿ ಇಟ್ಟುಕೊಳ್ಳಿ. ತೋಟದ ಮನೆಗಳಲ್ಲಿ ಅಡಿಕೆ ಗೊನೆ ಕೊಯ್ಲು, ಸುಲಿತ ಶುರುವಾದರೆ ಯಾರಿಗೂ ಬಿಡುವಿಲ್ಲ, ವಾರದ ಭೇಟಿ ಅಲ್ಲಿಗೇ ತಪ್ಪುತ್ತದೆ. ಆ ತಿಂಗಳುಗಳಿಗೆ 14416, ಶಾಲೆಯ ಸಮಾಲೋಚಕರು ಎಂದು ಮೊದಲೇ ಮಾತಾಡಿಕೊಳ್ಳಿ. ಮೀನುಗಾರರ ಮನೆಗಳಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲ, ಅಪ್ಪ ಮನೆಯಲ್ಲಿರುತ್ತಾರೆ. ದೂರದ ಆಸ್ಪತ್ರೆಯ ಮೊದಲ ಭೇಟಿ ಆಗಲೇ ಆಗಲಿ, ಅಪ್ಪನೂ ಬರಲಿ. ಮನೆಯ ಮುಕ್ಕಾಲು ಸಂಗತಿ ವೈದ್ಯರಿಗೆ ತಿಳಿಯುವುದು ಇಬ್ಬರೂ ಎದುರು ಕೂತಾಗ.